ಕನ್ನಡಿಯ ಬಲಗಡೆ

"ತಿರುಗ್ಬೇಡ ಕಣೋ, ಕೈ ಅಲ್ಲಾಡುತ್ತೆ," ಎಂದಳು ಅಕ್ಕ.

ಅವನು ಮತ್ತೆ ತಿರುಗಿದ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದು ಕೈ ಗಾಜಿನ ಅಂಚಿನ ಮೇಲೆ, ಮುಖ ಮಾತ್ರ ಪಕ್ಕದಲ್ಲಿ ಕೂತ ಅಕ್ಕನ ಕಡೆಗೆ. "ಏನಂದೆ ಅಕ್ಕ?"

"ಏನಿಲ್ಲ ಬಿಡು. ಕೆಲಸ ನೋಡು."

ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕಮ್ಮ ಬೆಳಗಿನಿಂದ ಇದನ್ನೇ ನೋಡುತ್ತಿದ್ದಳು. ಆ ಕೋಣೆಯನ್ನು ನೋಡುವುದಕ್ಕೂ ಪುಣ್ಯ ಮಾಡಿರಬೇಕು. ಧೂಳು ಬರದಿರಲೆಂದು ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಮಧ್ಯಾಹ್ನದ ಬೆಳಕು ಅದರಲ್ಲಿ ಸೋಸಿಕೊಂಡು ನೀರು ಬೆರೆಸಿದ ಹಾಲಿನಂತೆ ಒಳಗೆ ಇಳಿಯುತ್ತಿತ್ತು. ನಾಲ್ಕೂ ಗೋಡೆಗೆ ಕನ್ನಡಿಗಳನ್ನು ಒರಗಿಸಿದ್ದರಿಂದ ಕೋಣೆಗೆ ಕೊನೆಯೆಂಬುದೇ ಇರಲಿಲ್ಲ. ಎದುರಿಗೆ ಒಬ್ಬ ಚಿಕ್ಕಮ್ಮ, ಪಕ್ಕದಲ್ಲಿ ಅವಳ ಬೆನ್ನು, ಅದರಾಚೆ ಇನ್ನೂ ಒಂದಷ್ಟು ಚಿಕ್ಕಮ್ಮಂದಿರು. ಎಲ್ಲರೂ ಒಟ್ಟಿಗೆ ತೂಕಡಿಸುತ್ತಿದ್ದರು.

ಚಿಕ್ಕಮ್ಮ ಎಂದರೆ ಯಾರ ಚಿಕ್ಕಮ್ಮ ಎಂದು ಕೇಳಬೇಡಿ. ಇಡೀ ಬೀದಿಗೇ ಚಿಕ್ಕಮ್ಮ. ವಿಮಾ ಕಚೇರಿಯಲ್ಲಿ ಕೂತು, ಸತ್ತೆವೆಂದು ಬರೆಸಿ ಪಕ್ಕದ ಊರಲ್ಲಿ ಆರಾಮಾಗಿ ಉಂಡುಟ್ಟುಕೊಂಡಿದ್ದವರನ್ನೆಲ್ಲ ಕಿವಿ ಹಿಡಿದು ಎಳೆದು ತಂದವಳು. ನಿವೃತ್ತಿಯಾದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಜನ ಬಂದು "ಚಿಕ್ಕಮ್ಮ, ಸ್ವಲ್ಪ ಪತ್ತೆ ಮಾಡಿಕೊಡಿ" ಅನ್ನುವುದನ್ನೂ ಬಿಟ್ಟಿರಲಿಲ್ಲ.

ಈ ಸಲ ಕೇಳಿಕೊಂಡು ಬಂದವಳು ಚುಕ್ಕಿ, ಅಕ್ಕನ ತಂಗಿಯ ಮಗಳು. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಹೋದ ತಮ್ಮ ತಾನೇ ಎಂದು ಹೇಳಿಕೊಂಡು ಒಬ್ಬ ಬಂದಿದ್ದಾನೆ. ಅಕ್ಕ ಅವನನ್ನು ಬಾಚಿ ತಬ್ಬಿಕೊಂಡಿದ್ದಾಳೆ. ಇವತ್ತು ಸಂಜೆ ಈ ಕನ್ನಡಿ ಕಾರ್ಖಾನೆಯನ್ನೇ ಅವನ ಹೆಸರಿಗೆ ಬರೆದುಕೊಡಲಿದ್ದಾಳೆ. ಚಿಕ್ಕಮ್ಮ ಅವನಿಗೆ ಮನಸ್ಸಿನಲ್ಲೇ "ಬಂದವನು" ಎಂದು ಹೆಸರಿಟ್ಟಿದ್ದಳು. ತಮ್ಮ ಅನ್ನಲು ಬಾಯಿ ಬರುತ್ತಿರಲಿಲ್ಲ.

ಅಕ್ಕ ಮಾತ್ರ ಚಿಕ್ಕಮ್ಮ ಬಂದು ಕೂತದ್ದಕ್ಕೆ ಒಂದಿಷ್ಟೂ ಬೇಸರ ಮಾಡಿಕೊಂಡಿರಲಿಲ್ಲ. "ನೋಡ್ಕೊಳ್ಳಿ ಬಿಡಿ, ಎಷ್ಟು ಬೇಕಾದ್ರೂ ನೋಡ್ಕೊಳ್ಳಿ. ನೋಡಿದ್ರೆ ನನ್ನ ತಮ್ಮ ಏನು ಸವೆದು ಹೋಗ್ತಾನಾ?" ಎಂದು ನಕ್ಕಿದ್ದಳು. ಅವಳು ನಕ್ಕಿದ್ದನ್ನು ನೋಡಿ ಕಾರ್ಖಾನೆಯ ಎದುರಿನ ದರ್ಜಿಯೇ ಬೆರಗಾಗಿದ್ದನಂತೆ.

ಹಿಂದಿನ ಕೋಣೆಯಿಂದ ಚುಕ್ಕಿ ಕರೆದಳು. ಅಲ್ಲಿ ಉದ್ದನೆಯ ಮೇಜಿನ ಮೇಲೆ ತೊಳೆದ ಗಾಜೊಂದು ಮಲಗಿತ್ತು. ಚುಕ್ಕಿ ಜಗ್ಗಿನಿಂದ ಬೆಳ್ಳಿ ರಸವನ್ನು ಅದರ ಬೆನ್ನಿಗೆ ಸುರಿದಳು. ನೀರಿನಂತಿದ್ದ ರಸ ಹರಡಿಕೊಂಡು, ಮೊದಲು ಮಬ್ಬಾಗಿ, ಆಮೇಲೆ ಕಂದು ತಿರುಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಗಾಗತೊಡಗಿತು. ಇಲ್ಲದಿದ್ದ ಮಾಡು ಅದರಲ್ಲಿ ಮೂಡಿತು. ಮಾಡಿನ ಕೆಳಗೆ ಇಬ್ಬರು ಹೆಂಗಸರು ಬಗ್ಗಿ ನೋಡುತ್ತಿದ್ದರು.

"ಏನಾದ್ರೂ ಸಿಕ್ತಾ ಚಿಕ್ಕಮ್ಮ?" ಚುಕ್ಕಿ ಕೇಳಿದಳು. ಚಿಕ್ಕಮ್ಮನ ಕಡೆ ಮುಖ ಮಾಡಲಿಲ್ಲ. ಎದುರು ಗೋಡೆಯ ಕನ್ನಡಿಯಲ್ಲಿದ್ದ ಚಿಕ್ಕಮ್ಮನನ್ನು ನೋಡಿ ಕೇಳಿದಳು.

ಈ ಮನೆಯವರ ಅಭ್ಯಾಸವೇ ಅದು. ಒರೆಸುವಾಗ, ರಸ ಹಾಕುವಾಗ ಕತ್ತು ತಿರುಗಿಸಿದರೆ ಕೈ ತಪ್ಪುತ್ತದೆ. ಹಾಗಾಗಿ ಹುಟ್ಟಿದಾಗಿನಿಂದ ಎಲ್ಲರೂ ಕನ್ನಡಿಯೊಳಗೇ ಒಬ್ಬರನ್ನೊಬ್ಬರು ನೋಡಿಕೊಂಡು ಮಾತಾಡುತ್ತಾರೆ. ನಗುವುದೂ ಅಲ್ಲೇ, ಮುನಿಸಿಕೊಳ್ಳುವುದೂ ಅಲ್ಲೇ. ಎದುರುಬದುರು ಕೂತು ಮಾತಾಡುವುದು ಊಟದ ಹೊತ್ತಿಗೆ ಮಾತ್ರ.

"ನಿನ್ನ ಮಾವ ಅಂತ ಬಂದಿದ್ದಾನಲ್ಲ, ಅವನು ಪ್ರತಿ ಮಾತಿಗೂ ಕತ್ತು ತಿರುಗಿಸ್ತಾನೆ," ಎಂದಳು ಚಿಕ್ಕಮ್ಮ. "ಈ ಕೋಣೆಯಲ್ಲಿ ಬೆಳೆದವನಲ್ಲ ಅವನು."

"ನಾನೂ ಅದನ್ನೇ ಹೇಳಿದೆ. ದೊಡ್ಡಮ್ಮ ಕೇಳಬೇಕಲ್ಲ! 'ಹೊರಗೆ ಅಲೆದು ಅಲೆದು ಮರೆತಿದ್ದಾನೆ ಪಾಪ' ಅಂದ್ರು. ಅವನು ಏನು ಮಾಡಿದ್ರೂ ದೊಡ್ಡಮ್ಮನ ಹತ್ರ ಒಂದು 'ಪಾಪ' ಇರುತ್ತೆ."

"ಇರುತ್ತೆ ಕಣೇ. ಅದಿಲ್ದೆ ಮೋಸ ನಡೆಯೋದೇ ಇಲ್ಲ." ಚಿಕ್ಕಮ್ಮ ಮೇಜಿಗೆ ಒರಗಿ ನಿಂತಳು. ಹಳೆಯ ಮೋಸಗಳ ಮಾತು ಬಂದರೆ ಅವಳಿಗೆ ಹಸಿವು ನೀರಡಿಕೆ ಇಲ್ಲ. "ಹಿಂದೆ ದೂರದೇಶದಲ್ಲಿ ಒಬ್ಬ ಶ್ರೀಮಂತ ತಾಯಿ ಇದ್ಲು. ಮಗ ಹಡಗಿನ ಜೊತೆ ಮುಳುಗಿಹೋದ. ಇವಳು ನಂಬ್ಲಿಲ್ಲ. ಊರೂರಿನ ಪತ್ರಿಕೆಯಲ್ಲಿ ಜಾಹೀರಾತು ಹಾಕ್ಸಿದ್ಲು. ಸಮುದ್ರದಾಚೆಯಿಂದ ಒಬ್ಬ ಮಾಂಸದಂಗಡಿಯವನು 'ಅಮ್ಮಾ, ನಾನೇ' ಅಂತ ಬಂದ. ಮಗ ಕಡ್ಡಿ ಪೈಲ್ವಾನ್, ಇವನು ಡುಮ್ಮ. ಮಗನಿಗೆ ಚಿಕ್ಕಂದಿನಿಂದ ಬರ್ತಿದ್ದ ಭಾಷೆ ಇವನಿಗೆ ಒಂದಕ್ಷರ ಬರಲ್ಲ."

"ಆಮೇಲೆ?"

"ಆಮೇಲೇನು? ಅವನು ಹುಷಾರಿಲ್ಲ ಅಂತ ಕತ್ತಲ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದ. ತಾಯಿ ಬಗ್ಗಿ ನೋಡಿ, 'ಕಿವಿ ಥೇಟ್ ಇವನ ದೊಡ್ಡಪ್ಪನ ಕಿವಿ' ಅಂದ್ಲು. ಮುಗೀತು. ಕೊನೆವರೆಗೂ ಅವನೇ ಮಗ ಅಂದ್ಲು."

"ಹೆತ್ತ ತಾಯಿಗೆ ಗುರುತು ಸಿಗ್ಲಿಲ್ವಾ?"

"ಗುರುತು ಹಿಡಿದದ್ದು ಅವಳ ಕಣ್ಣಲ್ಲ ಕಣೇ, ಆಸೆ. ಇನ್ನೊಬ್ಬ ಮಹಾನುಭಾವ ಇಲ್ಲದ ದೇಶವನ್ನೇ ಮಾರಿದ. ನಂಬಿದವರು ಹಡಗು ಹತ್ತಿ ಹೋಗಿ ನೋಡ್ತಾರೆ, ಬರೀ ಕಾಡು. ಎಷ್ಟೋ ಜನ ಸತ್ರು. ಬದುಕಿ ವಾಪಸ್ ಬಂದವರಲ್ಲಿ ಕೆಲವರು ಏನಂದ್ರು ಗೊತ್ತಾ? 'ಅವರ ತಪ್ಪೇನಿಲ್ಲ, ಅವರು ದೊಡ್ಡ ಮನುಷ್ಯರು' ಅಂತ ಅವನ ಪರವಾಗೇ ನಿಂತ್ರು!"

ಚುಕ್ಕಿ ಕಿಸಕ್ಕನೆ ನಕ್ಕಳು. "ನೀವು ಯಾವತ್ತೂ ಮೋಸ ಹೋಗಿಲ್ವಾ ಚಿಕ್ಕಮ್ಮ?"

"ನನ್ನ ಹತ್ರ ಯಾವ ನನ್ಮಗ ಬರ್ತಾನೆ?" ಎಂದು ಚಿಕ್ಕಮ್ಮ ಹೆಮ್ಮೆಯಿಂದ ಸೊಂಟದ ಮೇಲೆ ಕೈಯಿಟ್ಟಳು. ಆಮೇಲೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಒಂದು ಚೌಕಟ್ಟನ್ನು ಚೀಲದಿಂದ ತೆಗೆದಳು. ಅಕ್ಕನ ತಮ್ಮ ಓದಿದ ಶಾಲೆಯ ಗೋಡೆಯ ಮೇಲಿದ್ದ ಫೋಟೋ ಅದು. ಹೆಡ್ಮಾಸ್ಟರನ್ನು ಕಾಡಿ ಬೇಡಿ ಇಸಿದುಕೊಂಡು ಬಂದಿದ್ದಳು.

ಚುಕ್ಕಿ ಫೋಟೋ ನೋಡಿದಳು. ಅವಳ ನಗು ನಿಂತುಹೋಯಿತು.

"ನಡಿ," ಎಂದಳು ಚಿಕ್ಕಮ್ಮ.

ಹಾಗೆಂದಳೇ ಹೊರತು ಅವಳ ಕಾಲು ತಕ್ಷಣ ಏಳಲಿಲ್ಲ. ಮುಂದಿನ ಕೋಣೆಯಿಂದ ಅಕ್ಕ ಗುನುಗುತ್ತಿದ್ದುದು ಕೇಳಿಸುತ್ತಿತ್ತು. ಯಾವುದೋ ಮಕ್ಕಳ ಹಾಡು, ಅರ್ಧ ಮರೆತದ್ದು. ಮರೆತ ಕಡೆ ಅಕ್ಕ ಬಾಯಿಗೆ ಬಂದದ್ದನ್ನು ಸೇರಿಸಿಕೊಳ್ಳುತ್ತಿದ್ದಳು. ಒಬ್ಬಳೇ ಕೂತು ಗಂಟಲಲ್ಲಿ ಅನ್ನ ಇಳಿಯದೆ ಎದ್ದುಬಿಡುತ್ತಿದ್ದ ಹೆಂಗಸು ಈಗ ತಮ್ಮನಿಗೆ ಬಡಿಸಿ, ತಾನೂ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದಾಳೆ. ಅದನ್ನು ಕಿತ್ತುಕೊಳ್ಳುವುದಕ್ಕೆ ತಾನು ಹೋಗಬೇಕು. ಥೂ, ಹಾಳು ಕಸುಬು ಎಂದುಕೊಂಡಳು. ಆದರೆ ಕಾರ್ಖಾನೆ ಹೋದರೆ ಅಕ್ಕನಿಗೆ ತಲೆ ಮೇಲೆ ಸೂರೂ ಇಲ್ಲ, ಕೈಗೆ ಕೆಲಸವೂ ಇಲ್ಲ. ಬಂದವನು ಮಾರಿಕೊಂಡು ಹೋದ ಮರುದಿನ ಬೀದಿಗೆ ಬೀಳುತ್ತಾಳೆ.

ಮುಂದಿನ ಕೋಣೆಯಲ್ಲಿ ಅಕ್ಕ, ಬಂದವನು ಇಬ್ಬರೂ ದೊಡ್ಡ ಕನ್ನಡಿಯೆದುರು ಅಕ್ಕಪಕ್ಕ ಕೂತಿದ್ದರು. ಚಿಕ್ಕಮ್ಮ ಅವರ ಹಿಂದೆ ನಿಂತಳು.

"ಅಕ್ಕ, ಒಂದು ಕೇಳ್ಲಾ? ಇವನನ್ನ ನಿಮ್ಮ ತಮ್ಮ ಅಂತ ಒಪ್ಪಿಕೊಂಡಿದ್ದು ಯಾವ ಗುರುತಿನ ಮೇಲೆ?"

"ಇನ್ಯಾವುದು? ಹುಬ್ಬಿನ ಮೇಲಿನ ಗಾಯ." ಅಕ್ಕ ಪಕ್ಕದಲ್ಲಿದ್ದ ಅವನತ್ತ ಬೆರಳು ತೋರಿದಳು. "ಗಾಜಿನ ಚೂರು ಹಾರಿ ಕುಯ್ದಿತ್ತು. ನಾನೇ ಒತ್ತಿ ಹಿಡ್ಕೊಂಡು ಆಸ್ಪತ್ರೆಗೆ ಓಡಿದ್ದೆ. ಅವನನ್ನ ಹುಡುಕೋಕೆ ಕೊಟ್ಟ ಜಾಹೀರಾತಿನಲ್ಲಿ ಎತ್ತರ, ಬಣ್ಣ ಎಲ್ಲಾ ಹಾಕಿಸಿದ್ದೆ, ಇದೊಂದನ್ನ ಹಾಕಿಸ್ಲಿಲ್ಲ. ಹೊಟ್ಟೆಯಲ್ಲೇ ಇಟ್ಕೊಂಡಿದ್ದೆ. ಎಷ್ಟು ಜನ ಬಂದ್ರು ಗೊತ್ತಾ ಚಿಕ್ಕಮ್ಮ! ಒಬ್ಬ ಅಳ್ತಾ ಬಂದ, ಒಬ್ಬ ಕಾಲಿಗೆ ಬಿದ್ದ. ಹುಬ್ಬು ನೋಡಿದೆ, ಕಳಿಸಿದೆ. ನನ್ನನ್ನೇನು ಪೆದ್ದಿ ಅಂದ್ಕೊಂಡ್ರಾ?"

"ಯಾವ ಹುಬ್ಬು ಅಕ್ಕ?"

"ಬಲ."

"ಯೋಚಿಸಿ ಹೇಳಿ."

"ಯೋಚ್ನೆ ಮಾಡೋದೇನು ಬಂತು? ದಿನಾ ನೋಡ್ತಿದ್ದ ಮುಖ. ಬಲಗಡೆ."

ಬಂದವನ ಬಲ ಹುಬ್ಬನ್ನು ಸೀಳಿಕೊಂಡು ಬಿಳಿ ಗೆರೆಯೊಂದು ಹೋಗಿತ್ತು. ಬಣ್ಣದ್ದಲ್ಲ, ನಿಜವಾದ ಗಾಯದ್ದೇ ಕಲೆ. ಬಟ್ಟೆ ಹಿಡಿದ ಅವನ ಕೈ ನಿಂತಿತ್ತು.

ಚಿಕ್ಕಮ್ಮ ಚೌಕಟ್ಟನ್ನು ಅಕ್ಕನ ತೊಡೆಯ ಮೇಲಿಟ್ಟಳು. ಮೂರು ಸಾಲು ಹುಡುಗರು. ನಡುವೆ, ಕಿವಿಯಿಂದ ಕಿವಿಗೆ ಬಾಯಗಲಿಸಿ ನಗುತ್ತ ಒಬ್ಬ. ಅಕ್ಕ "ಅಯ್ಯೋ ನನ್ನ ಕಂದ" ಎಂದು ಗಾಜನ್ನು ಸವರಿದಳು. ಸವರುತ್ತಿದ್ದ ಬೆರಳು ಹುಬ್ಬಿನ ಮೇಲೆ ನಿಂತಿತು.

ಗಾಯ ಎಡ ಹುಬ್ಬಿನ ಮೇಲಿತ್ತು.

"ಫೋಟೋ ತಿರುವುಮುರುವಾಗಿ ಅಚ್ಚಾಗಿದೆ," ಎಂದಳು ಅಕ್ಕ ಒಡನೆಯೇ.

"ಮುಂದೆ ಕೂತ ಹುಡುಗನ ಕೈಯಲ್ಲಿ ಸ್ಲೇಟಿದೆ ನೋಡಿ. ಅದರ ಮೇಲೆ ತರಗತಿ ಬರೆದಿದೆ. ಅಕ್ಷರ ನೆಟ್ಟಗೇ ಇದೆ."

"ಹಾಗಾದ್ರೆ..." ಅಕ್ಕ ತಲೆಯೆತ್ತಿದಳು. ಎದುರಿನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು. ನಿಧಾನವಾಗಿ ತನ್ನ ಎಡಗೈಯೆತ್ತಿ ಎಡ ಹುಬ್ಬನ್ನು ಮುಟ್ಟಿಕೊಂಡಳು. ಕನ್ನಡಿಯೊಳಗಿನ ಅಕ್ಕ, ಎದುರು ಕೂತು, ಬಲ ಹುಬ್ಬನ್ನು ಮುಟ್ಟಿಕೊಂಡಿದ್ದಳು.

ಯಾರೂ ಏನೂ ಹೇಳಬೇಕಾಗಲಿಲ್ಲ. ಆದರೂ ಚಿಕ್ಕಮ್ಮ ಮೆಲ್ಲಗೆ ಹೇಳಿದಳು: "ಅವನು ನಿಮ್ಮ ಪಕ್ಕದಲ್ಲಿ ಕೂತಿರ್ತಿದ್ದ. ನೀವು ಅವನ ಮುಖ ನೋಡ್ತಿದ್ದದ್ದು ಕನ್ನಡಿಯಲ್ಲಿ. ನಿಮ್ಮ ನೆನಪಲ್ಲಿ ಉಳಿದಿರೋದು ಕನ್ನಡಿಯೊಳಗಿನ ತಮ್ಮ, ಅಕ್ಕ. ನಿಜವಾದ ತಮ್ಮನ ಗಾಯ ಎಡಗಡೆ."

ಕಿಟಕಿಯ ಬಟ್ಟೆ ಗಾಳಿಗೆ ಒಮ್ಮೆ ಉಬ್ಬಿ ತಗ್ಗಿತು. ಗೋಡೆಗಳ ತುಂಬ ಬೆಳಕು ಅಲುಗಾಡಿತು. ಅಕ್ಕನ ಮುಖ ನೋಡಲಾರದೆ ಚಿಕ್ಕಮ್ಮ ತನ್ನ ಚಪ್ಪಲಿ ನೋಡಿಕೊಂಡಳು.

"ಹಾಗಾದ್ರೆ ನೀನು ಯಾರೋ?" ಎಂದಳು ಅಕ್ಕ.

ಬಂದವನು ಕತ್ತು ತಿರುಗಿಸಲಿಲ್ಲ. ಮೊದಲ ಸಲ, ಕನ್ನಡಿಯಲ್ಲಿ ಅವಳ ಕಣ್ಣನ್ನು ಹುಡುಕಿ ನೋಡಿದ.

"ಎಡಗಡೆ ಅಂತ ನಂಗೂ ಗೊತ್ತಿತ್ತು," ಎಂದ. "ನಾನು ಅವನ ಜೊತೆ ಇದ್ದವನು. ಆದ್ರೆ ಅವನು ಬೇಡ ಅಂದ. 'ಅಕ್ಕನಿಗೆ ಬಲ ಅಂತಲೇ ನೆನಪಿರುತ್ತೆ. ಎಡ ಅಂದ್ರೆ ಒಪ್ಪೋದೇ ಇಲ್ಲ. ಚಿಕ್ಕವನಿದ್ದಾಗ ಎಷ್ಟು ಸಲ ತಿದ್ದಿದ್ರೂ ನನ್ನ ಹತ್ರಾನೇ ಜಗಳ ಆಡ್ತಿದ್ಲು' ಅಂದ. ಅದಕ್ಕೇ ಬಲಗಡೆ ಕುಯ್ಕೊಂಡೆ. ತಪ್ಪಾಯ್ತು. ನೀವು ಇಷ್ಟು ಒಳ್ಳೆಯವರು ಅಂತ ಗೊತ್ತಿರ್ಲಿಲ್ಲ."

"ನೀವು" ಎಂದಿದ್ದ. ಬಂದ ದಿನದಿಂದ "ಅಕ್ಕ, ನೀನು" ಎಂದು ಕರೆಯುತ್ತಿದ್ದವನ ಬಾಯಲ್ಲಿ ಆ ಬಹುವಚನ ಕೇಳಿ ಅಕ್ಕ ಬೆಚ್ಚಿದಳು. ಆದರೆ ಅದಕ್ಕಿಂತ ಹೆಚ್ಚು ಬೆಚ್ಚಿದ್ದು ಜಗಳದ ಮಾತಿಗೆ.

"ಜಗಳ ಆಡ್ತಿದ್ದೆ," ಎಂದಳು. "ಹೌದು, ಆಡ್ತಿದ್ದೆ. 'ಅಕ್ಕ, ಅದು ನನ್ನ ಎಡ ಕಣೇ' ಅಂತ ಕೂಗ್ತಿದ್ದ. ನಾನು ತಲೆಗೆ ಮೊಟಕ್ತಿದ್ದೆ. ಅಂದ್ರೆ ಅವನು... ಅವನು ಇದ್ದಾನಾ?"

"ಸಂಜೆ ಸಹಿ ಆಗ್ಲಿ. ಆಮೇಲೆ ಹೇಳ್ತೀನಿ."

"ಈಗ್ಲೇ ಹೇಳೋ! ಎಲ್ಲಿದ್ದಾನೆ?"

"ಸಹಿ ಆದ್ಮೇಲೇ ಹೇಳು ಅಂತ ಮಾತು ತಗೊಂಡಿದ್ದಾನೆ ಅವನು."

ಚಿಕ್ಕಮ್ಮ ತನ್ನನ್ನೇ ಬೈದುಕೊಂಡಳು. ಅಲ್ಲ, ತಾನು ಮಾಡಿದ್ದೇನು! ಕಳ್ಳನನ್ನು ಹಿಡಿಯಲು ಬಂದು ಅವನ ಕೈಗೇ ಕೀಲಿಕೈ ಕೊಟ್ಟಳಲ್ಲ. ಅಕ್ಕನ ನೆನಪು ತಪ್ಪು ಎಂಬುದು ಜಗತ್ತಿನಲ್ಲಿ ಯಾರಿಗೆ ಗೊತ್ತಿರಲು ಸಾಧ್ಯ? ಆ ತಪ್ಪನ್ನು ತಿದ್ದಿ ಮೊಟಕಿಸಿಕೊಂಡವನಿಗೆ ಮಾತ್ರ. ಅಂದರೆ ತಮ್ಮ ನಿಜವಾಗಿಯೂ ಇದ್ದಾನೆ. ಅಥವಾ ಈಚೆಗಿನವರೆಗೂ ಇದ್ದ. ಸುಳ್ಳು ಹೊತ್ತು ಬಂದ ಎಷ್ಟೋ ಮೋಸಗಾರರನ್ನು ಅವಳು ಕಂಡಿದ್ದಳು. ಇವನ ಕೈಯಲ್ಲಿರುವುದು ನಿಜ. ಅದನ್ನು ತೋರಿಸಿಕೊಂಡು ಏನು ಬೇಕಾದರೂ ಬರೆಸಿಕೊಳ್ಳಬಹುದು.

"ಚಿಕ್ಕಮ್ಮ," ಅಕ್ಕ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು, ಒದ್ದೆಯಾಗಿತ್ತು. "ನೀವು ಹೇಳಿ. ನಂಗೆ ನನ್ನ ಮೇಲೇ ನಂಬಿಕೆ ಇಲ್ಲ ಈಗ. ನೀವು ಇದ್ದಾನೆ ಅಂದ್ರೆ ಸಹಿ ಹಾಕ್ತೀನಿ. ಇಲ್ಲ ಅಂದ್ರೆ ಇವನನ್ನ ಆಚೆಗೆ ಕಳಿಸ್ತೀನಿ. ನಿಮ್ಮ ಮಾತೇ ಕೊನೆ."

ಚುಕ್ಕಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕೆಲಸದ ಏಪ್ರನ್ನಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. ಎಲ್ಲ ಕನ್ನಡಿಗಳಲ್ಲೂ ಚುಕ್ಕಿಯ ಕಣ್ಣು ಚಿಕ್ಕಮ್ಮನನ್ನೇ ಬೇಡುತ್ತಿತ್ತು. ಅಮ್ಮನಿಲ್ಲದ ಹುಡುಗಿ, ಈ ಮನೆ ಬಿಟ್ಟರೆ ಅವಳಿಗೂ ದಿಕ್ಕಿಲ್ಲ.

ನಿಜ ಹೇಳಿದರೆ ಇಬ್ಬರೂ ಸಂಜೆಯ ಹೊತ್ತಿಗೆ ಬೀದಿಪಾಲು. ಸುಳ್ಳು ಹೇಳಿದರೆ ತಮ್ಮ ಮತ್ತೊಮ್ಮೆ ಸಾಯುತ್ತಾನೆ. ಆದರೆ ಅವನನ್ನು ಆಮೇಲೆ ಹುಡುಕಬಹುದು. ಹುಡುಕುತ್ತೇನೆ, ತಾನೇ ಹುಡುಕುತ್ತೇನೆ ಎಂದು ಚಿಕ್ಕಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ಸುಳ್ಳು," ಎಂದಳು.

"ಆದ್ರೆ ಬಲಗಡೆ ಅಂತ ಇವನಿಗೆ ಹೇಗೆ..."

"ನೀವೇ ಹೇಳಿದ್ದೀರಿ ಅಕ್ಕ. ಹೇಳಿ ಮರೆತಿದ್ದೀರಿ. ಅಷ್ಟು ಜನ ಬಂದು ಹೋದ್ರಲ್ಲ, ಅವರಲ್ಲಿ ಯಾರೋ ಒಬ್ಬನ ಎದುರು ಬಾಯಿ ತಪ್ಪಿ ಅಂದಿರ್ತೀರಿ. ಅವನಿಂದ ಇವನಿಗೆ ಹೋಗಿರುತ್ತೆ. ಈ ಜನ ಹಾಗೇನೇ, ಒಬ್ಬರಿಗೊಬ್ಬರು ಹೇಳ್ಕೊಡ್ತಾರೆ."

"ಜಗಳ ಆಡಿದ್ದು?"

"ಅಕ್ಕ ತಮ್ಮ ಜಗಳ ಆಡದ ಮನೆ ಎಲ್ಲಾದ್ರೂ ಇದೆಯಾ? ಕುರುಡಾಗಿ ಒಂದು ಕಲ್ಲು ಎಸೆದ, ನಿಮಗೆ ತಾಗ್ತು, ಅಷ್ಟೇ."

ಎಷ್ಟು ನುಣುಪಾಗಿ ಬಂತು ಮಾತು! ಜೀವಮಾನವಿಡೀ ಶಾಪ ಹಾಕಿದ ಮೋಸಗಾರರ ಹತಾರಗಳೆಲ್ಲ ತನ್ನ ಬಾಯಲ್ಲೇ ಹರಿತವಾಗಿ ಇದ್ದದ್ದು ಚಿಕ್ಕಮ್ಮನಿಗೆ ಆಗಲೇ ಗೊತ್ತಾದದ್ದು. ಅಕ್ಕ ಅವಳ ಕೈ ಬಿಟ್ಟಳು. ಒಂದು ಸಲ ತಲೆಯಾಡಿಸಿದಳು. ಹೋಗಿ ತನ್ನ ಜಾಗದಲ್ಲಿ ಕೂತು, ಒರೆಸಿ ಆಗಿದ್ದ ಕನ್ನಡಿಯನ್ನೇ ಮತ್ತೆ ಒರೆಸತೊಡಗಿದಳು.

ಬಂದವನು ಎದ್ದ. ರೇಗಲಿಲ್ಲ, ವಾದಿಸಲಿಲ್ಲ. ಬಟ್ಟೆಯನ್ನು ಮಡಿಸಿ ಬಕೆಟ್ಟಿನ ಅಂಚಿಗೆ ಹಾಕಿದ. ಹೊಸ್ತಿಲ ಬಳಿ ಚಿಕ್ಕಮ್ಮನ ಕಿವಿಗೆ ಮಾತ್ರ ಕೇಳುವಂತೆ, "ನೀವು ನಂಬಿದ್ರಿ. ನಿಮ್ಮ ಮುಖದಲ್ಲೇ ಕಂಡಿತು ನಂಗೆ. ಯಾಕೆ ಹೀಗೆ ಮಾಡಿದ್ರಿ?" ಎಂದ. ಉತ್ತರಕ್ಕೆ ಕಾಯದೆ ಇಳಿದು ಹೋದ.

"ನೀವಿಲ್ದಿದ್ರೆ ನಾನು ಹಾಳಾಗಿ ಹೋಗ್ತಿದ್ದೆ," ಎಂದಳು ಅಕ್ಕ ಕನ್ನಡಿಯೊಳಗಿಂದ. ಕೃತಜ್ಞತೆಯ ಮಾತೇ. ಆದರೆ ದನಿಯಲ್ಲಿ ಜೀವವಿರಲಿಲ್ಲ. ಚಿಕ್ಕಮ್ಮನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಚುಕ್ಕಿ ಬೀದಿಯ ತಿರುವಿನವರೆಗೂ ಜೊತೆಗೆ ಬಂದಳು. ಬಿಸಿಲು ಇಳಿಯುತ್ತಿತ್ತು. ದರ್ಜಿಯ ಯಂತ್ರ ಎಲ್ಲೋ ನಿದ್ದೆಯಲ್ಲಿ ಗೊಣಗಿದಂತೆ ಓಡುತ್ತಿತ್ತು. ಚಿಕ್ಕಮ್ಮನ ತಲೆಯೊಳಗೆ ಒಂದೇ ಲೆಕ್ಕ: ಬಂದವನು ಯಾವ ದಾರಿ ಹಿಡಿದಿರಬಹುದು? ಅವನ ಬೆನ್ನು ಹತ್ತಿದರೆ ತಮ್ಮ ಸಿಗಬಹುದು. ಈ ಹುಡುಗಿಗೆ ಈಗಲೇ ಏನೂ ಹೇಳುವುದು ಬೇಡ, ಹೆದರಿಕೊಳ್ಳುತ್ತಾಳೆ.

ಚುಕ್ಕಿ ಇದ್ದಕ್ಕಿದ್ದಂತೆ ಚಿಕ್ಕಮ್ಮನ ಕತ್ತಿಗೆ ಜೋತುಬಿದ್ದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಸದ್ಯ ಚಿಕ್ಕಮ್ಮ! ನೀವೆಲ್ಲಿ ಇದ್ದಾನೆ ಅಂದ್ಬಿಡ್ತೀರೋ ಅಂತ ಜೀವ ಬಾಯಿಗೆ ಬಂದಿತ್ತು ನಂಗೆ. ದೊಡ್ಡಮ್ಮ ಸಹಿ ಹಾಕಿಬಿಟ್ಟಿದ್ರೆ ನನ್ನ ಗತಿ ಏನು? ಚಿಕ್ಕಂದಿನಿಂದ ಈ ಕೆಲಸಕ್ಕೇ ಕೈ ಸವೆಸಿದ್ದೀನಿ. ನೀವೇ ಹೇಳಿ, ಎರಡೂ ಕಣ್ಣು ಹೋಗಿರೋ ಮಾವನಿಗೆ ಈ ಕನ್ನಡಿ ಕಾರ್ಖಾನೆ ಕಟ್ಕೊಂಡು ಏನಾಗಬೇಕು?"

ಚಿಕ್ಕಮ್ಮ ಅವಳ ಬೆನ್ನು ಸವರುತ್ತಿದ್ದಳು. ಸವರುತ್ತಿದ್ದ ಕೈ ನಿಂತಿತು. ತಮ್ಮನ ಕಣ್ಣು ಹೋಗಿದೆ ಎಂದು ಬಂದವನು ಹೇಳಿರಲಿಲ್ಲ. ಅಲ್ಲಿ ಯಾರೂ ಹೇಳಿರಲಿಲ್ಲ.